ಹೊಳೆ ಇಳಿದ ಮೇಲೆ: ಉಗಾರದ ತೋಟದ ಮನೆಯಲ್ಲಿ ಶರತ್ಕಾಲ

ಕೃಷ್ಣಾ ನದಿಯ ಎಡದಂಡೆಗೆ ಉಗಾರ ಖುರ್ದ, ಎದುರಿನ ದಂಡೆಗೆ ಕುಡಚಿ. ಮೊದಲನೆಯದು ಕಾಗವಾಡ ತಾಲ್ಲೂಕಿನದು, ಎರಡನೆಯದು ರಾಯಬಾಗ ತಾಲ್ಲೂಕಿನದು. ಮಿರಜ್–ಲೋಂಡಾ ರೈಲುಮಾರ್ಗ ಇವೆರಡರ ನಡುವೆ ಹೊಳೆ ದಾಟುತ್ತದೆ. ಖುರ್ದ ಎಂದರೆ ಚಿಕ್ಕದು, ಬುದ್ರುಕ ಎಂದರೆ ದೊಡ್ಡದು. ಪಾರಸಿ ಮೂಲದ ಈ ಎರಡು ಪದಗಳು ಗಡಿನಾಡಿನ ಎಷ್ಟೋ ಜೋಡಿ ಊರುಗಳ ಹೆಸರಿಗೆ ಅಂಟಿಕೊಂಡಿವೆ. ಉಗಾರ ಬುದ್ರುಕ ಎಂಬ ಊರೂ ಪಕ್ಕದಲ್ಲೇ ಇದೆ. 1939ರಲ್ಲಿ ಸ್ಥಾಪನೆಯಾದ ಸಕ್ಕರೆ ಕಾರ್ಖಾನೆಯಿಂದಾಗಿ ಹೊರಗಿನವರಿಗೆ ಉಗಾರ ಕಬ್ಬಿನ ಊರು. ಒಳಗಿನವರಿಗೆ ಅದು ಹೊಳೆಸಾಲಿನ ಊರು.

ಹೊಳೆಸಾಲಿನ ರೈತ ಕುಟುಂಬಗಳಲ್ಲಿ ಅನೇಕವು ಊರೊಳಗೆ ವಾಸಿಸುವುದಿಲ್ಲ. ಹೊಲದ ನಡುವೆಯೇ ಮನೆ ಕಟ್ಟಿಕೊಂಡಿರುತ್ತವೆ. ಅಣ್ಣತಮ್ಮಂದಿರ ಮನೆಗಳು ಹತ್ತಿರ ಹತ್ತಿರ ಎದ್ದು ನಾಲ್ಕಾರು ಒಲೆಗಳಾದರೆ ಅದು ವಸ್ತಿ. ಒಂಟಿಯಾಗಿದ್ದರೆ ತೋಟದ ಮನೆ. ಮುಂದೆ ಕಟ್ಟೆ, ಪಕ್ಕದಲ್ಲಿ ದನದ ಶೆಡ್ಡು, ಹಿಂದೆ ಬಣವೆ, ಅಂಗಳದಲ್ಲಿ ತುಳಸಿ, ಬದುವಿನಲ್ಲಿ ಬೇವು, ಜಾಲಿ, ಸೀತಾಫಲ. ಮೂರು ದಿಕ್ಕಿಗೆ ಕಬ್ಬು, ನಾಲ್ಕನೆಯ ದಿಕ್ಕಿಗೆ ನೀರು. ಪ್ರಕೃತಿಯನ್ನು ನೋಡಲು ಇಲ್ಲಿ ಯಾರೂ ಬೇರೆ ಕಡೆ ಹೋಗಬೇಕಿಲ್ಲ. ಬೆಳಗಿನ ಚಹಾದ ಹೊತ್ತಿಗೆ ಕಟ್ಟೆಯ ಮೇಲೆ ಕುಳಿತವರ ಕಣ್ಣಿಗೇ ಅದು ಬೀಳುತ್ತದೆ. ವರ್ಷದಲ್ಲಿ ಅತಿ ಹೆಚ್ಚು ಬದಲಾವಣೆಗಳು ಕಾಣುವುದು ಆಶ್ವಯುಜ ಮತ್ತು ಕಾರ್ತಿಕ ಮಾಸಗಳ ಶರದೃತುವಿನಲ್ಲಿ, ಅಂದರೆ ಸುಮಾರಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಕೊನೆಯವರೆಗೆ.

ತಂಪು ದೇಶಗಳಲ್ಲಿ ಈ ಕಾಲ ಎಲೆಗಳದು. ಮರಗಳು ಕೆಂಪಾಗಿ, ಹಳದಿಯಾಗಿ, ಬೋಳಾಗುತ್ತವೆ. ಕೃಷ್ಣೆಯ ದಂಡೆಯಲ್ಲಿ ಎಲೆ ಉದುರುವುದು ಚಳಿ ಮುಗಿದ ಮೇಲೆ. ಬೇವು ಬೋಳಾಗುವುದು ಫೆಬ್ರುವರಿ–ಮಾರ್ಚ್ ಹೊತ್ತಿಗೆ. ಶರತ್ಕಾಲದಲ್ಲಿ ಇಲ್ಲಿ ಇಳಿಯುವುದು ನೀರು. ಹೂವು, ಹಕ್ಕಿ, ಹುಳ, ಬಿತ್ತನೆ, ಹಬ್ಬ ಎಲ್ಲವೂ ಆ ಇಳಿತದ ಹಿಂದೆಯೇ ಒಂದೊಂದಾಗಿ ಬರುತ್ತವೆ.

ಬೇರೆಯವರ ಮಳೆ, ಇಲ್ಲಿನ ಹೊಳೆ

ಕೃಷ್ಣೆ ಹುಟ್ಟುವುದು ಮಹಾಬಳೇಶ್ವರದಲ್ಲಿ. ಪಶ್ಚಿಮ ಘಟ್ಟದ ನೆತ್ತಿಯಲ್ಲಿರುವ ಆ ಊರಿನಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ. ಘಟ್ಟದ ಮಳೆನೆರಳಿನಲ್ಲಿರುವ ಅಥಣಿ–ಕಾಗವಾಡ ಸೀಮೆಗೆ ಸಿಗುವುದು ಅದರ ಹತ್ತನೆಯ ಒಂದು ಭಾಗದ ಆಸುಪಾಸು. ಹೀಗಾಗಿ ಉಗಾರದ ಹೊಳೆಯಲ್ಲಿ ಹರಿಯುವ ಮಳೆಗಾಲದ ನೀರು ಬಹುತೇಕ ಬೇರೆಡೆ ಬಿದ್ದದ್ದು. ಕರಾಡದಲ್ಲಿ ಕೊಯ್ನಾ, ಸಾಂಗ್ಲಿಯ ಹತ್ತಿರ ವಾರಣಾ, ನರಸೋಬವಾಡಿಯಲ್ಲಿ ಪಂಚಗಂಗಾ, ಚಿಕ್ಕೋಡಿ ತಾಲ್ಲೂಕಿನ ಯಡೂರಿನ ಹತ್ತಿರ ವೇದಗಂಗೆಯನ್ನು ಒಳಗೊಂಡ ದೂಧಗಂಗಾ. ಇಷ್ಟೂ ಕೂಡಿಕೊಂಡ ಮೇಲೆ ಕೃಷ್ಣೆ ಉಗಾರಕ್ಕೆ ಬರುತ್ತಾಳೆ. ಮೇಲೆ ಬಿಸಿಲು ಕಾಯುತ್ತಿದ್ದರೂ ಕೆಳಗೆ ಹೊಳೆ ಏರುತ್ತಿರುವ ನೋಟ ಇಲ್ಲಿ ಹೊಸದಲ್ಲ.

ಜುಲೈ–ಆಗಸ್ಟ್ ತಿಂಗಳುಗಳಲ್ಲಿ ಘಟ್ಟದಲ್ಲಿ ಮಳೆ ಜೋರಾಗಿ, ಸುಮಾರು 105 ಟಿಎಂಸಿ ಅಡಿ ಸಾಮರ್ಥ್ಯದ ಕೊಯ್ನಾ ಜಲಾಶಯದಿಂದಲೂ ನೀರು ಬಿಟ್ಟರೆ ಉಗಾರ–ಕುಡಚಿ ಸೇತುವೆ ಮುಳುಗುತ್ತದೆ. 2005, 2019 ಮತ್ತು 2021ರ ಮಹಾಪೂರಗಳು ಹೊಳೆಸಾಲಿನ ನೆನಪಿನಲ್ಲಿ ಇಸವಿಗಳಾಗಿಯೇ ಉಳಿದಿವೆ. ನೀರು ನಿಂತ ಗೆರೆ ಗೋಡೆಯ ಮೇಲೆ ಬಣ್ಣ ಬಳಿಯುವವರೆಗೆ ಕಾಣುತ್ತದೆ. ನದಿಗೆ ಹಾಕಿದ ಮೋಟಾರುಗಳನ್ನು ಹೊಳೆ ಏರುವ ಮೊದಲು ಬಿಚ್ಚಿ ಎತ್ತರಕ್ಕೆ ತರುವುದು, ಇಳಿದ ಮೇಲೆ ಮತ್ತೆ ಕೂರಿಸುವುದು ಪ್ರತಿ ವರ್ಷದ ಕೆಲಸ. ಮೋಟಾರು ಮತ್ತೆ ಹೊಳೆಗೆ ಇಳಿಯಿತೆಂದರೆ ಮಳೆಗಾಲ ಮುಗಿಯಿತು ಎಂದೇ ಲೆಕ್ಕ, ಪಂಚಾಂಗ ನೋಡಬೇಕಾಗಿಲ್ಲ.

ಸ್ಥಳೀಯ ಮಳೆಯ ಲೆಕ್ಕ ಬೇರೆ. ಬಯಲುಸೀಮೆಯ ಈ ಭಾಗಕ್ಕೆ ಒಳ್ಳೆಯ ಮಳೆ ಬರುವುದು ಸೆಪ್ಟೆಂಬರ್ ಸುಮಾರಿಗೆ, ಘಟ್ಟದ ಅಬ್ಬರ ಇಳಿದ ಮೇಲೆ. ರೈತರು ಅದನ್ನು ನಕ್ಷತ್ರದ ಹೆಸರಿನಲ್ಲಿ ಎಣಿಸುತ್ತಾರೆ: ಸೆಪ್ಟೆಂಬರ್ ನಡುವೆ ಉತ್ತರಿ, ಕೊನೆಗೆ ಹಸ್ತ, ಅಕ್ಟೋಬರ್ ಎರಡನೆಯ ವಾರದಿಂದ ಚಿತ್ತಿ, ನಾಲ್ಕನೆಯ ವಾರದಿಂದ ಸ್ವಾತಿ, ನವೆಂಬರ್ ಮೊದಲ ವಾರದಿಂದ ವಿಶಾಖ. ಒಂದೊಂದು ಮಳೆಗೂ ಹದಿಮೂರು–ಹದಿನಾಲ್ಕು ದಿನ. ಸೂರ್ಯ ಒಂದು ನಕ್ಷತ್ರದ ಪಾಲಿನಲ್ಲಿ ಇರುವಷ್ಟು ಕಾಲ. ಅಕ್ಟೋಬರ್ ಮಧ್ಯದ ಹೊತ್ತಿಗೆ ನೈರುತ್ಯ ಮುಂಗಾರು ಈ ಭಾಗದಿಂದ ಹಿಂದೆ ಸರಿಯುತ್ತದೆ. ಆಮೇಲೆ ಬರುವ ಚಿತ್ತಿ, ಸ್ವಾತಿಗಳು ಹೆಚ್ಚಾಗಿ ಮಧ್ಯಾಹ್ನದ ಕಾವಿಗೆ ಮೋಡ ಕಟ್ಟಿ ಸಂಜೆ ಗುಡುಗಿ ಸುರಿಯುವ ಮಳೆಗಳು. ಒಂದು ಹೊಲ ತೋಯ್ದರೆ ಮಗ್ಗುಲಿನ ಹೊಲ ಒಣಗಿಯೇ ಇರಬಹುದು.

ದಂಡೆಯ ಮೇಲಿನ ಬರಹ

ಇಳಿಯುವ ಹೊಳೆ ತಾನು ತಂದ ಮಣ್ಣನ್ನು ಬಿಟ್ಟುಹೋಗುತ್ತದೆ. ವೇಗ ಕಡಿಮೆಯಾದಾಗ ಮೊದಲು ಕೂರುವುದು ಭಾರದ ಮರಳು. ಆದ್ದರಿಂದ ದಂಡೆಯ ಅಂಚಿನಲ್ಲಿ ಒರಟು ಕಣ ಹೆಚ್ಚು. ನೀರು ಒಳಹೊಲಕ್ಕೆ ಹರಡಿ ನಿಂತಲ್ಲಿ ನುಣುಪು ಗೋಡುಮಣ್ಣು ತೆಳ್ಳಗೆ ಹಾಸುತ್ತದೆ. ಪ್ರವಾಹದಿಂದ ದಂಡೆಯೇ ಎತ್ತರವಾಗಿ ಅದರ ಹಿಂದಿನ ಹೊಲ ತಗ್ಗಾಗಿ ಉಳಿಯುವುದಕ್ಕೆ ಇದೇ ಕಾರಣ. ಹೊಳೆ ತನ್ನ ಪಾತ್ರಕ್ಕೆ ಇಳಿದುಹೋದ ಮೇಲೂ ತಗ್ಗಿನ ಹೊಲದಲ್ಲಿ ನೀರು ವಾರಗಟ್ಟಲೆ ನಿಲ್ಲುವುದುಂಟು. ಹಾಗೆ ಮುಳುಗಿದ ಕಬ್ಬಿನ ಸುಳಿ ಕೊಳೆತರೆ ಬೆಳೆ ಹೋದಂತೆಯೇ.

ಹೊಸ ಗೋಡು ಒಣಗುವಾಗ ಕುಗ್ಗಿ ಬಿರಿಯುತ್ತದೆ. ಐದಾರು ಮೂಲೆಯ ಬಿಲ್ಲೆಗಳಾಗಿ ಒಡೆದು ಅಂಚು ಮೇಲಕ್ಕೆ ಸುರುಳಿಗಟ್ಟುತ್ತದೆ. ಹಸಿ ಇರುವ ಒಂದೆರಡು ದಿನ ಅದು ಹಾಳೆಯಿದ್ದಂತೆ. ರಾತ್ರಿ ಯಾರು ನಡೆದರು ಎಂಬುದು ಬೆಳಿಗ್ಗೆ ಓದಲು ಸಿಗುತ್ತದೆ. ಬೆಳ್ಳಕ್ಕಿಯದು ಮುಂದಕ್ಕೆ ಮೂರು, ಹಿಂದಕ್ಕೆ ಒಂದು ಉದ್ದ ಬೆರಳು. ಮುಂಗುಸಿಯದು ಸಣ್ಣ ಉಗುರಿನ ಗುರುತು. ನಾಯಿಯ ಹೆಜ್ಜೆಯಲ್ಲಿ ಉಗುರು ಮೂಡುತ್ತದೆ, ಬೆಕ್ಕಿನದರಲ್ಲಿ ಮೂಡುವುದಿಲ್ಲ. ನಡುವೆ ಎಳೆದ ಗೆರೆ, ಎರಡೂ ಬದಿಗೆ ಅಗಲ ಹೆಜ್ಜೆ ಇದ್ದರೆ ಅದು ಮೊಸಳೆ, ಗೆರೆ ಬಾಲದ್ದು.

ಕೃಷ್ಣೆಯ ಈ ಹರಿವಿನಲ್ಲಿ ಮೊಸಳೆಗಳಿವೆ. ಅವುಗಳ ಮೈ ತಾನಾಗಿ ಕಾವು ಹುಟ್ಟಿಸಿಕೊಳ್ಳದು. ರಾತ್ರಿ ತಂಪಾದಂತೆ ನೀರಿನಿಂದ ಹೊರಬಂದು ಬಿಸಿಲಿಗೆ ಮೈಯೊಡ್ಡುವುದು ಅವುಗಳಿಗೆ ಅನಿವಾರ್ಯ. ಮಳೆಗಾಲದ ಕೆನ್ನೀರಿನಲ್ಲಿ ಕಾಣದ ಪ್ರಾಣಿ ಕಾರ್ತಿಕದಲ್ಲಿ ದಂಡೆಯ ಮೇಲೆ ಕಾಣಲು ತೊಡಗುವುದು ಇದಕ್ಕೇ. ಬಟ್ಟೆ ಒಗೆಯಲು, ಎಮ್ಮೆ ಮೈ ತೊಳೆಯಲು ಇಳಿಯುವ ಮೊದಲು ಎರಡೂ ದಂಡೆಗಳನ್ನು ನೋಡಿಕೊಳ್ಳುವುದು ಹೊಳೆಸಾಲಿನವರ ರೂಢಿ.

ಅಗಸ್ತ್ಯ ಮತ್ತು ತಿಳಿನೀರು

ಸೆಪ್ಟೆಂಬರ್‌ನಲ್ಲಿ ಚಹಾದ ಬಣ್ಣಕ್ಕಿದ್ದ ಹೊಳೆ ನವೆಂಬರ್ ಹೊತ್ತಿಗೆ ಹಸಿರುನೀಲಿ. ಹಿಂದಿನವರು ಈ ಬದಲಾವಣೆಯನ್ನು ಒಂದು ನಕ್ಷತ್ರಕ್ಕೆ ಕಟ್ಟಿದ್ದರು. ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಅಗಸ್ತ್ಯ ನಕ್ಷತ್ರದ ಸಂಚಾರಕ್ಕೆ ಒಂದು ಅಧ್ಯಾಯವೇ ಇದೆ. ಅಗಸ್ತ್ಯ ಉದಯಿಸಿದರೆ ಕಲಕಿದ ನೀರು ತಿಳಿಯಾಗುತ್ತದೆ ಎಂಬುದು ಅಲ್ಲಿನ ನಂಬಿಕೆ. ಆಕಾಶದಲ್ಲಿ ಹೊಳಪಿಗೆ ಎರಡನೆಯದಾದ ಈ ನಕ್ಷತ್ರ ತೆಂಕಣದ್ದು. ಉಗಾರದಿಂದ ನೋಡಿದರೆ ಅದು ತನ್ನ ಅತಿ ಎತ್ತರದ ಹೊತ್ತಿನಲ್ಲೂ ದಕ್ಷಿಣದ ದಿಗಂತದಿಂದ ಸುಮಾರು 20 ಡಿಗ್ರಿ ಮಾತ್ರ ಮೇಲಿರುತ್ತದೆ. ಮಳೆಗಾಲದ ಕೊನೆಗೆ ಮುಂಜಾನೆ ಮೊದಲ ಸಲ ಕಾಣಿಸಿಕೊಂಡು, ಅಕ್ಟೋಬರ್‌ನಲ್ಲಿ ನಸುಕಿಗೆ ಎದ್ದವರಿಗೆಲ್ಲ ಸ್ಪಷ್ಟವಾಗಿ ಕಾಣುತ್ತದೆ.

ನಕ್ಷತ್ರಕ್ಕೂ ನೀರಿಗೂ ಇರುವುದು ಕಾಲದ ಹೊಂದಾಣಿಕೆಯಷ್ಟೇ. ಮಣ್ಣಿನ ಕಣವನ್ನು ತೇಲಿಸಿ ಒಯ್ಯುವುದು ನೀರಿನ ರಭಸ. ಘಟ್ಟದ ಮಳೆ ನಿಂತು ರಭಸ ತಗ್ಗಿದರೆ ದಪ್ಪ ಕಣ ತಕ್ಷಣ, ಸಣ್ಣ ಕಣ ನಿಧಾನಕ್ಕೆ ತಳ ಸೇರುತ್ತದೆ. ಕೆಳಗಡೆ ಹಿಪ್ಪರಗಿಯಂಥ ಬ್ಯಾರೇಜುಗಳ ಗೇಟು ಇಳಿಸಿ ನೀರು ನಿಲ್ಲಿಸಿದಾಗ ಅವುಗಳ ಹಿಂದಿನ ಹೊಳೆ ಕೆರೆಯಂತೆ ಸಾವಕಾಶವಾಗಿ, ತಿಳಿಯಾಗುವ ಕೆಲಸ ಇನ್ನಷ್ಟು ಬೇಗ ಆಗುತ್ತದೆ.

ನೀರು ತಿಳಿಯಾದದ್ದನ್ನು ಮನುಷ್ಯರಿಗಿಂತ ಮೊದಲು ಬಳಸಿಕೊಳ್ಳುವುದು ಮೀನು ಹಿಡಿಯುವ ಹಕ್ಕಿಗಳು. ಕಪ್ಪು–ಬಿಳಿ ಮಿಂಚುಳ್ಳಿ ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ನಿಂತು, ಮೀನು ಕಂಡೊಡನೆ ಕಲ್ಲಿನಂತೆ ಬೀಳುತ್ತದೆ. ಮಣ್ಣುನೀರಿನಲ್ಲಿ ಈ ಬೇಟೆ ಸಾಧ್ಯವಿಲ್ಲ. ರೀವ ಹಕ್ಕಿಯೂ ಹಾಗೆಯೇ. ನೀರುಕಾಗೆ ಮುಳುಗಿ ಬೆನ್ನಟ್ಟುತ್ತದೆ. ಬಳಿಕ ಬಂಡೆಯ ಮೇಲೋ ಮುರಿದ ಕೊಂಬೆಯ ಮೇಲೋ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತದೆ. ಹೊಳೆಯ ಮೇಲೆ ಮಿಂಚುಳ್ಳಿ ನಿಂತು ಹಾರತೊಡಗಿತು ಎಂದರೆ ನೀರು ತಿಳಿಯಾಗಿದೆ ಎಂದು ಕಟ್ಟೆಯ ಮೇಲಿಂದಲೇ ಹೇಳಬಹುದು.

ಇಬ್ಬನಿಯ ಬೆಳಗು

ಮೋಡ ಹೊದಿಕೆಯಿದ್ದಂತೆ, ನೆಲದ ಕಾವು ರಾತ್ರಿ ಮೇಲಕ್ಕೆ ಹೋಗದಂತೆ ತಡೆಯುತ್ತದೆ. ಮೋಡ ಹರಿದ ಆಶ್ವಯುಜದ ರಾತ್ರಿಗಳಲ್ಲಿ ಆ ತಡೆಯಿಲ್ಲ. ಹಗಲು ಸುಡುವ ಬಿಸಿಲಿದ್ದರೂ ನಸುಕಿಗೆ ಹುಲ್ಲಿನ ಎಸಳು, ಕಬ್ಬಿನ ಗರಿ, ತಗಡಿನ ಚಾವಣಿ ಗಾಳಿಗಿಂತ ತಂಪಾಗುತ್ತವೆ. ಮಳೆಯಿಂದ ಇನ್ನೂ ಹಸಿಯಾಗಿರುವ ನೆಲದ ಆವಿ ಅವುಗಳಿಗೆ ತಾಕಿ ಹನಿಗಟ್ಟುತ್ತದೆ. ತಗಡಿನ ಅಂಚಿನಿಂದ ಟಪ್ ಟಪ್ ಎಂದು ಬೀಳುವ ಹನಿಯ ಸದ್ದು ಕೇಳಿ ಮಳೆ ಬಂತೆಂದು ಹೊರಗೆ ಬಂದು ನೋಡಿದರೆ ಮೇಲೆ ಚುಕ್ಕೆಗಳಿರುತ್ತವೆ.

ಹೊಳೆಯ ಮೇಲಿನ ಮಂಜಿನ ಕಾರಣ ಇದಕ್ಕೆ ತಿರುವುಮುರುವು. ನೀರು ಕಾಯಲು ತಡ, ಆರಲೂ ತಡ. ನಸುಕಿನಲ್ಲಿ ಗಾಳಿ ತಂಪಾಗಿ ನೀರು ಇನ್ನೂ ಬೆಚ್ಚಗಿರುವುದರಿಂದ ಮೇಲ್ಮೈಯಿಂದ ಎದ್ದ ಆವಿ ಅಲ್ಲೇ ಮಂಜಾಗುತ್ತದೆ. ಒಲೆಯ ಮೇಲಿನ ನೀರು ಹೊಗೆಯಾಡಿದಂತೆ ಹೊಳೆ ಹೊಗೆಯಾಡುತ್ತದೆ. ಗಾಳಿಯಿಲ್ಲದ ದಿನ ಅದು ಸೊಂಟದೆತ್ತರಕ್ಕೆ ನಿಂತು, ಬಿಸಿಲೇರಿದ ಮೇಲೆ ಕರಗುತ್ತದೆ. ರೈಲು ಸೇತುವೆಯ ಕಂಬಗಳು ಆಗ ನೀರಿನಿಂದ ಎದ್ದಂತಲ್ಲ, ಮಂಜಿನಿಂದ ಎದ್ದಂತೆ ಕಾಣುತ್ತವೆ.

ಇಬ್ಬನಿ ಜೇಡಗಳಿಗೂ ಮುಖ್ಯ, ನೋಡುವವರಿಗೂ ಮುಖ್ಯ. ಮಳೆಗಾಲದಲ್ಲಿ ಹುಟ್ಟಿದ ಜೇಡಗಳು ಈ ಹೊತ್ತಿಗೆ ಬೆಳೆದು ದೊಡ್ಡ ಬಲೆ ನೇಯುತ್ತವೆ. ಹಗಲಲ್ಲಿ ಕಣ್ಣಿಗೆ ಬೀಳದ ಬಲೆಗಳು ಹನಿ ಕಟ್ಟಿದಾಗ ಬೇಲಿಯುದ್ದಕ್ಕೂ ಲೆಕ್ಕಕ್ಕೆ ಸಿಗುತ್ತವೆ.

ದಂಡೆಯ ಹುಲ್ಲು, ಹೊಲದ ಕಬ್ಬು

ಶರತ್ಕಾಲದ ಗುರುತಿನ ಸಸ್ಯ ಹೊಳೆದಂಡೆಯ ಕಾಸ ಹುಲ್ಲು. ಆಳೆತ್ತರ ಮೀರಿ ಬೆಳೆದು, ಮಳೆ ಹಿಂದೆ ಸರಿಯುವಾಗ ಬೆಳ್ಳಗಿನ ರೇಷ್ಮೆಯಂಥ ತೆನೆ ಬಿಡುತ್ತದೆ. ಕಾಳಿದಾಸನ ಋತುಸಂಹಾರದ ಮೂರನೆಯ ಸರ್ಗ ಶರದೃತುವಿನದು. ಆ ಕಾವ್ಯದಿಂದ ಹಿಡಿದು ಭಾರತದ ಹಳೆಯ ಸಾಹಿತ್ಯದಲ್ಲಿ ಕಾಸದ ಹೂ ಶರತ್ಕಾಲದ ಲಾಂಛನವೇ ಆಗಿದೆ. ಬೇರು ಆಳಕ್ಕೆ ಹೋಗುವ ಈ ಹುಲ್ಲು ಪ್ರವಾಹ ಕೊರೆಯುವ ದಂಡೆಯನ್ನು ಹಿಡಿದಿಡುತ್ತದೆ. ಮುಳುಗಿದರೂ ಸಾಯದು, ಹೂಳು ಮುಚ್ಚಿದರೂ ಮತ್ತೆ ಚಿಗುರುತ್ತದೆ. ಇದೇ ಹುಲ್ಲು ಹೊಲಕ್ಕೆ ನುಗ್ಗಿದರೆ ಕೀಳಲಾರದ ಕಳೆ ಎಂಬುದೂ ನಿಜ.

ದಂಡೆಯ ಈ ಕಳೆ ಹೊಲದ ಕಬ್ಬಿನ ಪೂರ್ವಜ. ಕಾಸವೂ ಕಬ್ಬೂ ಒಂದೇ ಕುಲದವು. ಕಾಡುಕಬ್ಬು ಎಂಬ ಹೆಸರೂ ಕಾಸಕ್ಕಿದೆ. ಹಳೆಯ ಕಾಲದ ದಪ್ಪ, ಸಿಹಿ ಕಬ್ಬಿಗೆ ರೋಗ, ಬರ, ನೀರು ಯಾವುದನ್ನೂ ತಾಳುವ ಶಕ್ತಿ ಇರಲಿಲ್ಲ. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬು ತಳಿ ಅಭಿವೃದ್ಧಿ ಕೇಂದ್ರ ಆರಂಭವಾದಾಗ ಸಿ.ಎ. ಬಾರ್ಬರ್ ಮತ್ತು ಟಿ.ಎಸ್. ವೆಂಕಟರಾಮನ್ ಅವರು ಸಿಹಿ ಕಬ್ಬನ್ನು ಅಲ್ಲಿನ ಕಾಸ ಹುಲ್ಲಿನೊಂದಿಗೆ ಸಂಕರ ಮಾಡಿದರು. ಅದರಿಂದ ಬಂದ ಕೋ 205 ತಳಿ 1918ರಲ್ಲಿ ಬಿಡುಗಡೆಯಾಯಿತು. ಸಿಹಿ ಒಂದು ಕಡೆಯಿಂದ, ಗಟ್ಟಿತನ ಇನ್ನೊಂದು ಕಡೆಯಿಂದ. ನಂತರ ಬಂದ ಕೋ ತಳಿಗಳಲ್ಲಿ, ಈಗ ಈ ಭಾಗದಲ್ಲಿ ಹೆಸರಾದ ಕೋ 86032ರಲ್ಲಿ ಕೂಡ, ಕಾಡುಹುಲ್ಲಿನ ರಕ್ತ ಇದೆ. ತೋಟದ ಮನೆಯ ಬದುವಿನಲ್ಲಿ ನಿಂತರೆ ಎಡಕ್ಕೆ ಮೂಲ, ಬಲಕ್ಕೆ ಅದರ ಸಂತತಿ.

ಎರಡಕ್ಕೂ ಹೂ ಬಿಡುವ ಸೂಚನೆ ಸಿಗುವುದು ಹಗಲಿನ ಅಳತೆಯಿಂದ. ಉಗಾರದ ಅಕ್ಷಾಂಶದಲ್ಲಿ ಜೂನ್ ಕೊನೆಯ ಹಗಲು ಸುಮಾರು 13 ಗಂಟೆ. ಡಿಸೆಂಬರ್ ಕೊನೆಯದು ಸುಮಾರು 11 ಗಂಟೆ. ಸೆಪ್ಟೆಂಬರ್ 23ರ ಆಸುಪಾಸಿನಲ್ಲಿ ಹಗಲು–ರಾತ್ರಿ ಸಮ. ಹಗಲು ಕುಗ್ಗುತ್ತ ಹನ್ನೆರಡೂವರೆ ಗಂಟೆಯ ಹತ್ತಿರ ಬಂದಾಗ, ಬೆಳೆದ ಕಬ್ಬಿನ ಸುಳಿ ಎಲೆ ಹುಟ್ಟಿಸುವುದನ್ನು ಬಿಟ್ಟು ಹೂವಿನ ತಯಾರಿಗೆ ತೊಡಗುತ್ತದೆ. ಒಂದೆರಡು ತಿಂಗಳ ಬಳಿಕ ಗರಿಗಳ ಮೇಲೆ ಸೂಲಂಗಿ ಕಾಣಿಸಿಕೊಳ್ಳುತ್ತದೆ. ಸಂಜೆಯ ಬಿಸಿಲಿಗೆ ಸೂಲಂಗಿ ಬಿಟ್ಟ ಹೊಲ ಬೆಳ್ಳಿಯಂತೆ ಹೊಳೆಯುತ್ತದೆ, ಆದರೆ ರೈತರಿಗೆ ಅದು ಸಂತೋಷದ ನೋಟವಲ್ಲ. ಹೂ ಬಿಟ್ಟ ಗಳ ಮುಂದೆ ಬೆಳೆಯದು. ಬಹಳ ದಿನ ನಿಲ್ಲಿಸಿದರೆ ಒಳಗೆ ಬೆಂಡಾಗಿ ತೂಕವೂ ಸಿಹಿಯೂ ಇಳಿಯುತ್ತವೆ. ಸೂಲಂಗಿ ಕಡಿಮೆ ಬರುವುದು ಕೋ 86032ರ ಮೆಚ್ಚಿನ ಗುಣಗಳಲ್ಲಿ ಒಂದು.

ಹಗಲು ಕಿರಿದಾದಾಗ ಅರಳುವ ಇನ್ನೊಂದು ಗಿಡ ಸೇವಂತಿಗೆ. ಹಬ್ಬದ ಕಾಲಕ್ಕೆ ಅದು ಸಂತೆಗೆ ಬರುವುದರ ಹಿಂದೆ ಇದೇ ಅಳತೆಯಿದೆ. ಬದುವಿನಲ್ಲಿ ತಂಗಡಿಯ ಹಳದಿ, ಅಂಗಳದಲ್ಲಿ ಚೆಂಡು ಹೂ, ಹೊಲದಂಚಿನಲ್ಲಿ ಗುರೆಳ್ಳಿನ ಹೂ. ಕಾರ್ತಿಕದ ಬಣ್ಣ ಹಳದಿ. ಸೀತಾಫಲ ಕಣ್ಣು ಬಿಟ್ಟು ಹಣ್ಣಾಗುವುದೂ, ಬಾರೆ ಗಿಡ ಹೂ ಬಿಡುವುದೂ ಇದೇ ದಿನಗಳಲ್ಲಿ.

ಬರುವ ಹಕ್ಕಿ, ಹೋಗುವ ಹುಳ

ಬೇಸಿಗೆ ಕಳೆಯಲು ಉತ್ತರಕ್ಕೆ ಹೋದ ಹಕ್ಕಿಗಳು ಚಳಿಗಾಲಕ್ಕೆ ದಕ್ಷಿಣಕ್ಕೆ ಮರಳುವುದು ಹೊಳೆ ಇಳಿಯುವ ಹೊತ್ತಿಗೇ. ಮೊದಲು ಕಣ್ಣಿಗೆ ಬೀಳುವವು ಸಿಪಿಲೆಗಳು. ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಹಸಿ ಗೋಡಿನ ಮೇಲೆ ಓಡಾಡಿ ಹುಳ ಹೆಕ್ಕುವ ಬೂದು, ಬಿಳಿ, ಹಳದಿ ಸಿಪಿಲೆಗಳು ಹಿಮಾಲಯ ಮತ್ತು ಅದರಾಚೆಯಿಂದ ಬಂದವು. ವರ್ಷವಿಡೀ ಇಲ್ಲೇ ಇರುವ ದೊಡ್ಡ ಕಪ್ಪು–ಬಿಳಿ ಸಿಪಿಲೆ ಅವುಗಳ ನಡುವೆ ತನ್ನ ಜಾಗ ಬಿಟ್ಟುಕೊಡದೆ ಅಟ್ಟಿಸುತ್ತದೆ. ನೀರಂಚಿನಲ್ಲಿ ಗೊರವಗಳು ಕೊಕ್ಕು ಚುಚ್ಚುತ್ತವೆ. ಮೇಲಿನ ಒಣನೆಲದಲ್ಲಿ ಸ್ಥಳೀಯ ಟಿಟ್ಟಿಭ ರಾತ್ರಿಯೂ ಕೂಗಿ ಎಚ್ಚರಿಸುತ್ತದೆ.

ಗುಲಾಬಿ ಕಬ್ಬಕ್ಕಿಗಳೂ ದೂರದವು. ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾದವರೆಗಿನ ಹುಲ್ಲುಗಾವಲುಗಳಲ್ಲಿ ಮರಿ ಮಾಡಿ ಗುಂಪುಗುಂಪಾಗಿ ಬರುತ್ತವೆ. ಮಿಡತೆ ತಿಂದು ಉಪಕಾರ ಮಾಡುತ್ತವೆ, ಜೋಳದ ತೆನೆಗೆ ಎರಗಿ ಕವಣೆಯ ಏಟಿಗೂ ಗುರಿಯಾಗುತ್ತವೆ. ವಿದ್ಯುತ್ ತಂತಿಯ ಮೇಲೆ ಸಾಲಾಗಿ ಕೂರುವ ಅಂಬರಗುಬ್ಬಿಗಳು ಹಗಲೆಲ್ಲ ಹಾರುತ್ತಲೇ ಹುಳ ಹಿಡಿದು, ಸಂಜೆ ಕಬ್ಬು ಅಥವಾ ಆಪಿನ ನಡುವೆ ಸಾಮೂಹಿಕವಾಗಿ ತಂಗುತ್ತವೆ.

ಗೀಜಗನಿಗೆ ಇದು ಕೆಲಸ ಮುಗಿಸುವ ಕಾಲ. ಮಳೆಗಾಲದಲ್ಲಿ ಗಂಡುಹಕ್ಕಿ ಕಬ್ಬಿನ ಗರಿಯನ್ನು ಕೊಕ್ಕಿನಿಂದ ಉದ್ದಕ್ಕೆ ಸೀಳಿ ಆ ನಾರಿನಿಂದ ಗೂಡು ಹೆಣೆಯುತ್ತದೆ. ಗೂಡು ತೂಗುವುದು ಹೆಚ್ಚಾಗಿ ಬಾವಿ ಅಥವಾ ಹೊಳೆಯ ಮೇಲೆ ಬಾಗಿದ ಜಾಲಿಯ ತುದಿಗೆ. ಮುಳ್ಳು ಮತ್ತು ನೀರು ಎರಡೂ ಹಾವನ್ನು ದೂರವಿಡುತ್ತವೆ. ಮರಿಗಳು ಹಾರಿಹೋದ ಮೇಲೆ ಹಸಿರಾಗಿದ್ದ ಗೂಡುಗಳು ಒಣಹುಲ್ಲಿನ ಬಣ್ಣಕ್ಕೆ ತಿರುಗಿ ಶರತ್ಕಾಲವೆಲ್ಲ ಖಾಲಿ ತೂಗುತ್ತವೆ.

ಹಕ್ಕಿಗಳು ಬರುತ್ತಿರುವಾಗ ಒಂದು ಹುಳ ಹೊರಡುತ್ತದೆ. ಮಳೆ ನಿಂತ ಸಂಜೆ ಅಂಗಳದ ಮೇಲೆ ನೂರಾರು ಸಂಖ್ಯೆಯಲ್ಲಿ ತೇಲಾಡುವ ಹಳದಿ ಏರೋಪ್ಲೇನ್ ಚಿಟ್ಟೆ ಅದು. ಪ್ರವಾಹ ಬಿಟ್ಟುಹೋದ ಗುಂಡಿಗಳಂಥ ತಾತ್ಕಾಲಿಕ ನೀರಿನಲ್ಲಿ ಮೊಟ್ಟೆಯಿಟ್ಟು, ಗುಂಡಿ ಒಣಗುವುದರೊಳಗೆ, ಸುಮಾರು ಆರು ವಾರಗಳಲ್ಲೇ ಮರಿ ಬೆಳೆದು ರೆಕ್ಕೆ ಪಡೆಯುವಂತೆ ಅದರ ಬದುಕು ಹೊಂದಿಕೊಂಡಿದೆ. ಮಾಲ್ಡೀವ್ಸ್‌ನಲ್ಲಿ ನೆಲೆಸಿದ್ದ ಜೀವಶಾಸ್ತ್ರಜ್ಞ ಚಾರ್ಲ್ಸ್ ಆ್ಯಂಡರ್ಸನ್, ಸಿಹಿನೀರಿನ ಕೆರೆಗಳು ತೀರಾ ವಿರಳವಾದ ಆ ದ್ವೀಪಗಳಿಗೆ ಅಕ್ಟೋಬರ್‌ನಿಂದ ಲಕ್ಷಾಂತರ ಏರೋಪ್ಲೇನ್ ಚಿಟ್ಟೆಗಳು ಬಂದುಹೋಗುವುದನ್ನು ವರ್ಷಗಟ್ಟಲೆ ದಾಖಲಿಸಿದರು. ಭಾರತದಿಂದ ಹಿಂದೂ ಮಹಾಸಾಗರ ದಾಟಿ ಪೂರ್ವ ಆಫ್ರಿಕದ ಮಳೆಯ ಕಡೆಗೆ ಅವು ಗಾಳಿ ಹಿಡಿದು ಹೋಗುತ್ತವೆ ಎಂಬ ಅವರ ವಿವರಣೆ 2009ರಲ್ಲಿ ಪ್ರಕಟವಾಯಿತು. ಬೆರಳಿನಷ್ಟು ಉದ್ದದ ಜೀವಿಯ ಈ ಪ್ರಯಾಣದಲ್ಲಿ ಸಮುದ್ರದ ಹಾದಿಯೇ ಸಾವಿರಾರು ಕಿಲೋಮೀಟರ್.

ದೊಡ್ಡ ನೀರುಹಕ್ಕಿಗಳನ್ನು ನೋಡಬೇಕೆನ್ನುವವರು ಇದೇ ಜಿಲ್ಲೆಯ ಗೋಕಾಕ ತಾಲ್ಲೂಕಿಗೆ ಹೋಗಬಹುದು. ಅಲ್ಲಿ ಧೂಪದಾಳದ ಅಣೆಕಟ್ಟೆಯ ಹಿನ್ನೀರಿನಲ್ಲಿರುವ ಘಟಪ್ರಭಾ ಪಕ್ಷಿಧಾಮ 1974ರಲ್ಲಿ ಘೋಷಣೆಯಾದದ್ದು. ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುವ ಗದಗ ಜಿಲ್ಲೆಯ ಮಾಗಡಿ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದೆ. ಅಲ್ಲಿ ನವೆಂಬರ್‌ನಿಂದ ಅವುಗಳ ಕಾಲ.

ಎರೆಮಣ್ಣಿನ ಹಿಂಗಾರಿ

ಹೊಳೆಯಿಂದ ಸ್ವಲ್ಪ ಮೇಲಕ್ಕೆ, ಕಬ್ಬು ಮುಗಿದಲ್ಲಿ ಎರೆಹೊಲ. ದಖ್ಖನ್ನಿನ ಕಪ್ಪು ಬಸಾಲ್ಟ್ ಬಂಡೆ ಶಿಥಿಲವಾಗಿ ಆದ ಮಣ್ಣು ಇದು; ಆ ಲಾವಾ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಕುಡಿದ ನೀರನ್ನು ಬಹುಕಾಲ ಹಿಡಿದಿಡುತ್ತದೆ. ಈ ಗುಣದ ಮೇಲೆಯೇ ಹಿಂಗಾರಿ ನಿಂತಿದೆ. ಉತ್ತರಿ–ಹಸ್ತ ಮಳೆಯ ಹಸಿಗೆ ಬಿತ್ತಿದ ಬಿಳಿಜೋಳ, ಕಡಲೆ, ಕುಸುಬೆಗಳು ಆಮೇಲೆ ಹೆಚ್ಚಿನ ಮಳೆ ಕೇಳದೆ, ನೆಲದೊಳಗಿನ ಹಸಿಯ ಮೇಲೆಯೇ ಬೆಳೆದು ತೆನೆಗಟ್ಟುತ್ತವೆ. ರೊಟ್ಟಿಗೆ ಹೆಸರಾದ ಮಾಲದಂಡಿ ಜೋಳ ಬೆಳೆಯುವುದು ಹೀಗೆ. ಕಾಳು ಮನೆಗೆ, ಕಣಿಕೆ ದನಕ್ಕೆ.

ಇದೇ ಮಣ್ಣಿಗೆ ನೀರು ಅತಿಯಾದರೆ ಏನಾಗುತ್ತದೆ ಎಂಬುದೂ ಶರತ್ಕಾಲದಲ್ಲೇ ಕಣ್ಣಿಗೆ ಕಾಣುತ್ತದೆ. ಏತ ನೀರಾವರಿಯಿಂದ ದಶಕಗಟ್ಟಲೆ ನೀರುಂಡ, ಬಸಿಗಾಲುವೆಯಿಲ್ಲದ ತಗ್ಗಿನ ಹೊಲಗಳಲ್ಲಿ ಒಳನೀರು ಮೇಲೇರಿ ನಿಂತಿರುತ್ತದೆ. ಮಳೆ ನಿಂತು ಬಿಸಿಲು ಬಿದ್ದೊಡನೆ ಆ ನೀರು ಮಣ್ಣಿನ ಸಂದುಗಳಿಂದ ಮೇಲಕ್ಕೆ ಎಳೆಯಲ್ಪಟ್ಟು ಆವಿಯಾಗಿ, ಅದರಲ್ಲಿದ್ದ ಉಪ್ಪು ನೆಲದ ಮೇಲೆ ಬಿಳಿ ಹಿಟ್ಟಿನಂತೆ ಉಳಿಯುತ್ತದೆ. ಇದಕ್ಕೆ ಸವಳು–ಜವಳು ಎಂದು ಹೆಸರು. ಕೃಷ್ಣಾ ದಂಡೆಯ ತಾಲ್ಲೂಕುಗಳ ಹಳೆಯ ಕಾಯಿಲೆ ಇದು. ಉಪಾಯ ಎರಡು: ಒಳಬಸಿ ಪೈಪು ಹೂಳಿ ನೀರನ್ನು ಹಳ್ಳಕ್ಕೆ ಹಾಯಿಸುವುದು, ಹಾಯಿಸುವ ನೀರನ್ನು ಕಡಿಮೆ ಮಾಡುವುದು.

ಹಬ್ಬಗಳ ಸಾಲು

ತೋಟದ ಮನೆಯ ಹಬ್ಬಗಳೂ ಈ ಕ್ರಮದಲ್ಲೇ ಬರುತ್ತವೆ. ಮಹಾನವಮಿಗೆ ಘಟ ಹಾಕಿ, ಗೋಡು ಮಣ್ಣಿನಲ್ಲಿ ಹಿಂಗಾರಿ ಕಾಳು ಬಿತ್ತಿ ಒಂಬತ್ತು ದಿನ ನೀರು ಚಿಮುಕಿಸುತ್ತಾರೆ. ಬೀಜ ಹೇಗಿದೆ ಎಂಬುದು ಬಿತ್ತನೆಗೆ ಮುನ್ನ ದೇವರ ಮುಂದೆಯೇ ತಿಳಿಯುತ್ತದೆ. ದಸರೆಯ ದಿನ ಬನ್ನಿ ಎಲೆ ಕೊಟ್ಟು ಹಿರಿಯರ ಕಾಲು ಮುಟ್ಟುತ್ತಾರೆ. ಆಶ್ವಯುಜದ ಹುಣ್ಣಿಮೆ ಸೀಗಿ ಹುಣ್ಣಿಮೆ. ಪೈರು ತುಂಬಿ ನಿಂತ ಭೂಮಿಯನ್ನು ಬಸುರಿಯೆಂದು ಬಗೆದು ಹೊಲದಲ್ಲೇ ಪೂಜಿಸಿ, ಕಡುಬು, ಹೋಳಿಗೆ, ಪುಂಡಿಪಲ್ಯ, ಬದನೆಕಾಯಿ ಎಡೆಯಿಟ್ಟು ಹೊಲದ ತುಂಬ ಚರಗ ಚೆಲ್ಲುತ್ತಾರೆ. ಗಡಿಭಾಗದ ಮನೆಗಳಲ್ಲಿ ಅದೇ ರಾತ್ರಿ ಕೋಜಾಗರಿ. ತಿಂಗಳ ಬೆಳಕು ಬಿದ್ದ ಹಾಲನ್ನು ಅಂಗಳದಲ್ಲಿ ಕೂಡಿ ಕುಡಿಯುತ್ತಾರೆ. ದೀಪಾವಳಿಯ ಪಾಡ್ಯಕ್ಕೆ ಸಗಣಿಯ ಪಾಂಡವರನ್ನು ಮಾಡಿ ಉತ್ತರಾಣಿ ಕಡ್ಡಿ, ಚೆಂಡು ಹೂ ಸಿಕ್ಕಿಸಿ ಬಾಗಿಲಲ್ಲಿ, ದನದ ಶೆಡ್ಡಿನಲ್ಲಿ ಕೂರಿಸುತ್ತಾರೆ.

ಜೈನ ಕುಟುಂಬಗಳು ಹೆಚ್ಚಿರುವ ಸೀಮೆ ಇದು. 1925ರಲ್ಲಿ ಆಚಾರ್ಯ ವಿದ್ಯಾನಂದರು ಹುಟ್ಟಿದ ಶೇಡಬಾಳ ಉಗಾರಕ್ಕೆ ಹತ್ತಿರದ ಊರು. ಮಳೆಗಾಲದಲ್ಲಿ ನೆಲದ ತುಂಬ ಹುಟ್ಟುವ ಸೂಕ್ಷ್ಮ ಜೀವಿಗಳು ಕಾಲಿಗೆ ಸಿಕ್ಕಿ ಸಾಯಬಾರದೆಂದು ಮುನಿಗಳು ನಾಲ್ಕು ತಿಂಗಳು ಒಂದೇ ಕಡೆ ನಿಲ್ಲುವುದು ಚಾತುರ್ಮಾಸ. ಅದು ಮುಗಿಯುವುದು ಕಾರ್ತಿಕದಲ್ಲಿ. ದೀಪಾವಳಿ ಅವರಿಗೆ ಮಹಾವೀರನ ನಿರ್ವಾಣದ ದಿನ. ದಾರಿಯ ಕೆಸರು ಆರಿ ಹುಳ ಕಡಿಮೆಯಾದ ಮೇಲೆ ಮುನಿಗಳ ವಿಹಾರ ಮತ್ತೆ ತೊಡಗುತ್ತದೆ. ಋತುವನ್ನು ಇಷ್ಟು ಸೂಕ್ಷ್ಮವಾಗಿ ಗಮನಿಸಿ ರೂಪಿಸಿದ ನಿಯಮ ಅಪರೂಪ.

ಕಾರ್ತಿಕ ಎಂಬ ಹೆಸರಿಗೂ ಆಕಾಶದ ಆಧಾರವಿದೆ: ಆ ತಿಂಗಳ ಹುಣ್ಣಿಮೆಯ ಚಂದ್ರ ಕೃತ್ತಿಕಾ ನಕ್ಷತ್ರದ ಹತ್ತಿರ ಇರುತ್ತಾನೆ. ನವೆಂಬರ್‌ನಲ್ಲಿ ಕತ್ತಲಾಗುತ್ತಲೇ ಪೂರ್ವದಲ್ಲಿ ಕೃತ್ತಿಕೆಯ ಸಣ್ಣ ಗೊಂಚಲು ಮೇಲೇರುತ್ತದೆ. ಆ ತಿಂಗಳ ಶುಕ್ಲ ದ್ವಾದಶಿಗೆ ತುಳಸಿ ಲಗ್ನ. ತುಳಸಿಕಟ್ಟೆಗೆ ಹಸಿ ಕಬ್ಬಿನ ಗಳಗಳಿಂದ ಮಂಟಪ ಕಟ್ಟಿ, ಕಾಯಿಸಹಿತ ಬೆಟ್ಟದ ನೆಲ್ಲಿಯ ಟೊಂಗೆ ಸಿಕ್ಕಿಸುತ್ತಾರೆ.

ಕಾರ್ಖಾನೆಯ ಸೈರನ್ನು

ತುಳಸಿ ಲಗ್ನಕ್ಕೆ ಕಬ್ಬು ಬೇಕಾದ ದಿನಗಳಲ್ಲೇ ಕಾರ್ಖಾನೆಗೂ ಕಬ್ಬು ಬೇಕಾಗುತ್ತದೆ. ರಾತ್ರಿ ತಂಪು, ಹಗಲು ಬಿಸಿಲು, ನೆಲ ಒಣಗು ಎಂಬ ಮೂರೂ ಕೂಡಿದಾಗ ಕಬ್ಬು ಬೆಳೆಯುವುದನ್ನು ನಿಧಾನಿಸಿ, ಎಲೆ ತಯಾರಿಸಿದ ಸಕ್ಕರೆಯನ್ನು ಗಳದಲ್ಲಿ ಕೂಡಿಡುತ್ತದೆ. ನುರಿಸುವ ಹಂಗಾಮು ಶರತ್ಕಾಲದ ಕೊನೆಗೆ ಆರಂಭವಾಗಿ ಚಳಿಗಾಲದಲ್ಲಿ ಇಳುವರಿಯ ಶಿಖರ ಮುಟ್ಟುವುದು ಈ ಕಾರಣಕ್ಕೆ. ಕಡಿಯುವ ಗ್ಯಾಂಗುಗಳು ಬಂದು ಬಯಲಿನಲ್ಲಿ ಗುಡಿಸಲು ಹಾಕುತ್ತವೆ. ಟ್ರ್ಯಾಕ್ಟರ್ ಡಬ್ಬಿಗಳ ಸಾಲು ರಸ್ತೆ ತುಂಬುತ್ತದೆ. ಬೆಲ್ಲದ ಗಾಣಗಳ ಹೊಗೆ ಮಂಜಿನೊಂದಿಗೆ ಬೆರೆಯುತ್ತದೆ.

ಕಡಿದ ಹೊಲದಲ್ಲಿ ಉಳಿಯುವುದು ರವದಿ, ಅಂದರೆ ಕಬ್ಬಿನ ಒಣ ಗರಿ. ಅದಕ್ಕೆ ಬೆಂಕಿ ಇಡುವುದು ಸುಲಭ. ಹಾಸಿ ಬಿಟ್ಟರೆ ನೆಲದ ಹಸಿ ಉಳಿದು, ಕೊಳೆತು ಗೊಬ್ಬರವಾಗಿ ಕೂಳೆ ಬೆಳೆಗೆ ಬಲ ಸಿಗುತ್ತದೆ, ಎರೆಹುಳವೂ ಜೇಡವೂ ಬದುಕುತ್ತವೆ. ಕಬ್ಬು ಕಡಿಯುವಾಗ ಇಷ್ಟು ದಿನ ಅದರೊಳಗೆ ನೆರಳು ಪಡೆದಿದ್ದ ಇಲಿ, ಮುಂಗುಸಿ, ಕೊಳಕುಮಂಡಲ ಎಲ್ಲ ಹೊರಬೀಳುತ್ತವೆ; ಬೆಳ್ಳಕ್ಕಿಗಳು ಕಡಿಯುವವರ ಹಿಂದೆಯೇ ನಡೆದು ಎದ್ದ ಮಿಡತೆ ಹಿಡಿಯುತ್ತವೆ. ನಾಲ್ಕು ತಿಂಗಳಿಂದ ಕಬ್ಬಿನ ಗೋಡೆಯ ಹಿಂದೆ ಇದ್ದ ತೋಟದ ಮನೆಗೆ ಆಗ ಊರು ಕಾಣುತ್ತದೆ, ಊರಿಗೆ ಮನೆಯ ದೀಪ ಕಾಣುತ್ತದೆ. ಹೊಳೆ ಅಷ್ಟರಲ್ಲಿ ತನ್ನ ಪಾತ್ರಕ್ಕೆ ಸೇರಿರುತ್ತದೆ, ಮೋಟಾರುಗಳು ಓಡುತ್ತಿರುತ್ತವೆ. ಮಾರ್ಗಶಿರ ಬಂದರೆ ಹೇಮಂತ. ಶರತ್ಕಾಲ ಅಲ್ಲಿಗೆ ಮುಗಿಯುತ್ತದೆ.